ದುಭಾಷಿಯ ಹೆಸರಿನ ಕ್ಷೇತ್ರ

ಎಲ್ಲರಿಗೂ ನಮಸ್ಕಾರ.

2025ರ ಮೇ 3, ಶನಿವಾರ. ನಾನು ಸಿಡ್ನಿಯ ಈಸ್ಟ್‌ವುಡ್‌ನಲ್ಲಿರುವ ಮಗಳ ಮನೆಯಲ್ಲಿದ್ದೆ. ಬೆಳಗಿನ ಕಾಫಿ ಮುಗಿಸುವ ಹೊತ್ತಿಗೆ, "ಅಪ್ಪ, ಶಾಲೆಗೆ ಹೋಗಿ ಓಟು ಹಾಕಿ ಬರೋಣ, ನೀನೂ ಬಾ" ಎಂದಳು. ನನಗೆ ಅಲ್ಲಿ ಓಟಿಲ್ಲ. ಆದರೆ ನಲವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಹೇಳಿದವನಿಗೆ ಮತಗಟ್ಟೆ ಎಂದರೆ ಜಾತ್ರೆಯಿದ್ದಂತೆ, ಹೊರಟೆ. ಶಾಲೆಯ ಗೇಟಿನಲ್ಲಿ ಬಣ್ಣ ಬಣ್ಣದ ಟೀ ಶರ್ಟು ತೊಟ್ಟ ಕಾರ್ಯಕರ್ತರು ಚೀಟಿ ಹಂಚುತ್ತಿದ್ದರು. ಆ ಚೀಟಿಗಳಲ್ಲಿ ಇಂಗ್ಲಿಷಿನ ಜೊತೆಗೆ ಚೀನೀ, ಕೊರಿಯನ್ ಅಕ್ಷರಗಳಿದ್ದವು. ಅಂಗಳದಲ್ಲಿ ಮಕ್ಕಳ ತಂದೆತಾಯಿಗಳು ಶಾಲೆಯ ನಿಧಿಗೆಂದು ಸಾಸೇಜು ಸುಟ್ಟು ಮಾರುತ್ತಿದ್ದರು. ಒಳಗೆ ಮೇಜಿನ ಮುಂದೆ ಮಗಳಿಗೆ ಕೇಳಿದ್ದು ಮೂರೇ ಪ್ರಶ್ನೆ: ಹೆಸರೇನು, ವಿಳಾಸವೇನು, ಈ ಚುನಾವಣೆಯಲ್ಲಿ ಈಗಾಗಲೇ ಮತ ಹಾಕಿದ್ದೀರಾ? ಗುರುತಿನ ಚೀಟಿ ಯಾರೂ ಕೇಳಲಿಲ್ಲ. ಕೈಗೆ ಹಸಿರು ಮತ್ತು ಬಿಳಿ ಮತಪತ್ರ ಕೊಟ್ಟರು. ರಟ್ಟಿನ ಮರೆಯೊಳಗೆ ಒಂದು ಪೆನ್ಸಿಲ್ ಇತ್ತು.

ಹೊರಬಂದಾಗ ಅಭ್ಯಾಸಬಲದಿಂದ ಅವಳ ಎಡಗೈ ತೋರುಬೆರಳು ನೋಡಿದೆ. ಶಾಯಿ ಇಲ್ಲ. ನಮ್ಮ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗಿ ಇಡೀ ದೇಶದ ಬೆರಳಿಗೆ ಹತ್ತುವ ಆ ನೇರಳೆ ಗುರುತಿಲ್ಲದೆ ಮತದಾನ ಮುಗಿಯಿತೆಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅವಳು ಮತ ಹಾಕಿದ ಕ್ಷೇತ್ರದ ಹೆಸರು ಬೆನೆಲಾಂಗ್. ಸಿಡ್ನಿ ನಗರದ ವಾಯವ್ಯಕ್ಕೆ, ಪ್ಯಾರಮ್ಯಾಟಾ ನದಿಯ ಉತ್ತರ ದಡದಲ್ಲಿ ಹಬ್ಬಿರುವ ಬಡಾವಣೆಗಳ ಕ್ಷೇತ್ರ ಇದು. ರೈಡ್, ಈಸ್ಟ್‌ವುಡ್, ಮ್ಯಾಕ್ವಾರಿ ಪಾರ್ಕ್, ಪಟ್ನಿ ಎಂಬ ಊರುಗಳ ಹೆಸರು ನಿಮ್ಮಲ್ಲಿ ಹಲವರಿಗೆ ಪರಿಚಿತ, ಏಕೆಂದರೆ ನಿಮ್ಮ ಮಕ್ಕಳೋ ತಂಗಿಯ ಮಕ್ಕಳೋ ಅಲ್ಲೆಲ್ಲೋ ಇದ್ದಾರೆ. ಮತದಾರರ ಸಂಖ್ಯೆ ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸು. ನಮ್ಮ ಬೆಂಗಳೂರು ಉತ್ತರ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಮತದಾರರಿದ್ದರು. ಇಷ್ಟು ಚಿಕ್ಕ ಕ್ಷೇತ್ರವಾದ್ದರಿಂದಲೇ ಅಲ್ಲಿ ಒಂದು ಅಂಗಡಿಬೀದಿ ಬದಲಾದರೆ ಮತ ಎಣಿಕೆಯಲ್ಲಿ ಗೊತ್ತಾಗುತ್ತದೆ. ಇಂದು ಹೇಳಬೇಕೆಂದಿರುವುದು ಅಂಥ ಒಂದು ಬೀದಿಯ ಕಥೆ, ಮತ್ತು ಆಡಿದ ಮಾತಿನ ಬೆಲೆಯ ಕಥೆ.

ಮೊದಲು ಹೆಸರಿನಿಂದ ಆರಂಭಿಸುತ್ತೇನೆ. ಬೆನೆಲಾಂಗ್ ಒಬ್ಬ ಮನುಷ್ಯ. ವಾಂಗಲ್ ಎಂಬ ಮೂಲನಿವಾಸಿ ಕುಲದವನು. 1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ಬಂದಿಳಿದರು. ಅಲ್ಲಿನ ಜನ ಇವರ ಹತ್ತಿರ ಸುಳಿಯಲಿಲ್ಲ, ಇವರ ಮಾತು ಅವರಿಗೆ ತಿಳಿಯಲಿಲ್ಲ, ಅವರ ಮಾತು ಇವರಿಗೆ ತಿಳಿಯಲಿಲ್ಲ. ಗವರ್ನರ್ ಆರ್ಥರ್ ಫಿಲಿಪ್‌ಗೆ ಒಬ್ಬ ದುಭಾಷಿ ಬೇಕಾಗಿತ್ತು. ಅದಕ್ಕೆ ಆತ ಹಿಡಿದ ದಾರಿ ಅಪಹರಣ. 1789ರ ನವೆಂಬರಿನಲ್ಲಿ ಬೆನೆಲಾಂಗ್‌ನನ್ನು ಸೈನಿಕರು ಹಿಡಿದು ತಂದರು, ಕಾಲಿಗೆ ಸಂಕೋಲೆ ಹಾಕಿದರು. ಆತ ಇಂಗ್ಲಿಷ್ ಕಲಿತ, ತಪ್ಪಿಸಿಕೊಂಡ, ಮತ್ತೆ ತಾನಾಗಿಯೇ ಬಂದು ಎರಡು ಲೋಕಗಳ ನಡುವೆ ಮಾತು ದಾಟಿಸುವವನಾದ. 1792ರ ಕೊನೆಯಲ್ಲಿ ಫಿಲಿಪ್ ಜೊತೆ ಇಂಗ್ಲೆಂಡಿಗೆ ಹಡಗು ಹತ್ತಿದ. ಅವನೊಂದಿಗೆ ಹೋದ ಯುವಕ ಯೆಮರವಾನಿ ಅಲ್ಲೇ ತೀರಿಕೊಂಡ. ಬೆನೆಲಾಂಗ್ 1795ರಲ್ಲಿ ಹಿಂದಿರುಗಿದ. 1813ರ ಜನವರಿಯಲ್ಲಿ ನದಿದಡದ ಕಿಸ್ಸಿಂಗ್ ಪಾಯಿಂಟ್‌ನಲ್ಲಿ, ಜೇಮ್ಸ್ ಸ್ಕ್ವೈರ್ ಎಂಬ ಬಿಯರ್ ತಯಾರಕನ ಜಮೀನಿನಲ್ಲಿ ಸತ್ತ. ಅವನನ್ನು ಹೂತದ್ದು ಅಲ್ಲಿಯ ಹಣ್ಣಿನ ತೋಟದಲ್ಲಿ. ಆ ನೆಲ ಇಂದಿನ ಪಟ್ನಿ. ಸಿಡ್ನಿಯ ಒಪೇರಾ ಹೌಸ್ ನಿಂತಿರುವ ಜಾಗಕ್ಕೂ ಅವನದೇ ಹೆಸರಿದೆ, ಆದರೆ ಅದು ಈ ಕ್ಷೇತ್ರದಲ್ಲಿಲ್ಲ. ಅವನ ಸಮಾಧಿ ಈ ಕ್ಷೇತ್ರದಲ್ಲಿದೆ.

1949ರಲ್ಲಿ ಆಸ್ಟ್ರೇಲಿಯದ ಪ್ರತಿನಿಧಿ ಸಭೆಯನ್ನು, ಅಂದರೆ ನಮ್ಮ ಲೋಕಸಭೆಯಂಥ ಸದನವನ್ನು, ಬಹಳವಾಗಿ ಹಿಗ್ಗಿಸಿದರು. ಹೊಸದಾಗಿ ಹುಟ್ಟಿದ ಕ್ಷೇತ್ರಗಳಲ್ಲಿ ಒಂದಕ್ಕೆ ಬೆನೆಲಾಂಗ್ ಎಂದು ಹೆಸರಿಟ್ಟರು. ಆ ದೇಶದ ಎಲ್ಲ ಮೂಲನಿವಾಸಿಗಳಿಗೂ ಒಕ್ಕೂಟದ ಚುನಾವಣೆಯಲ್ಲಿ ಮತದ ಹಕ್ಕು ಸಿಕ್ಕಿದ್ದು 1962ರಲ್ಲಿ. ಹದಿಮೂರು ವರ್ಷ ಮೊದಲೇ ಹೆಸರು ಮಾತ್ರ ಸಂಸತ್ತಿಗೆ ಹೋಯಿತು.

ಆಗಿನ ಬೆನೆಲಾಂಗ್ ಈಗಿನ ಜಾಗದಲ್ಲಿರಲಿಲ್ಲ. ಹೆಚ್ಚಾಗಿ ಪೂರ್ವದ ಕಡೆಗೆ, ಲೇನ್ ಕೋವ್, ಹಂಟರ್ಸ್ ಹಿಲ್‌ನಂಥ ಅನುಕೂಲಸ್ಥರ ಬಡಾವಣೆಗಳ ಮೇಲೆ ಕೂತಿತ್ತು. ಮರಳುಗಲ್ಲಿನ ಮನೆಗಳು, ನದಿಗಿಳಿಯುವ ಕೈತೋಟಗಳು, ಭಾನುವಾರದ ಚರ್ಚು. ಮೊದಲ ಸದಸ್ಯ, ಬಲಪಂಥಕ್ಕೆ ಹತ್ತಿರವಾದ ಲಿಬರಲ್ ಪಕ್ಷದ ಜಾನ್ ಕ್ರೇಮರ್. ವೃತ್ತಿಯಿಂದ ನಿವೇಶನ, ಮನೆ ಮಾರಿಸುವವರು. ಬಡಾವಣೆಗಳ ಕ್ಷೇತ್ರಕ್ಕೆ ಇದಕ್ಕಿಂತ ತಕ್ಕ ಪ್ರತಿನಿಧಿ ಸಿಗಲಾರರು. ಯುದ್ಧ ಮುಗಿಸಿ ಬಂದವರಿಗೆ ಮನೆ ಬೇಕಾಗಿತ್ತು, ತೋಟಗಳು ಸೈಟುಗಳಾದವು. ರೈಡ್, ಈಸ್ಟ್‌ವುಡ್ ಕಡೆಯಲ್ಲೆಲ್ಲಾ ಹಣ್ಣಿನ ತೋಟಗಳೇ ಇದ್ದವು. ನಮ್ಮ ಮಾಲುಗಳಲ್ಲಿ ಸ್ಟಿಕ್ಕರ್ ಹಚ್ಚಿಕೊಂಡು ಕೂತಿರುವ ಹುಳಿ ಹಸಿರು ಸೇಬು ಇದೆಯಲ್ಲ, ಗ್ರ್ಯಾನಿ ಸ್ಮಿತ್, ಅದು ಹುಟ್ಟಿದ್ದು ಈಸ್ಟ್‌ವುಡ್‌ನ ಮರಿಯಾ ಆನ್ ಸ್ಮಿತ್ ಎಂಬ ಅಜ್ಜಿಯ ಹಿತ್ತಲಿನಲ್ಲಿ, 1868ರಲ್ಲಿ. ಇಂದಿಗೂ ಪ್ರತಿ ಅಕ್ಟೋಬರಿನಲ್ಲಿ ಆ ಅಜ್ಜಿಯ ಹೆಸರಿನಲ್ಲಿ ಬೀದಿಹಬ್ಬ ನಡೆಯುತ್ತದೆ. ತೋಟ ಹೋಯಿತು, ಹಬ್ಬ ಉಳಿಯಿತು.

ಕ್ರೇಮರ್ 25 ವರ್ಷ ಇದ್ದರು. 1974ರ ಮೇನಲ್ಲಿ ಅವರ ಜಾಗಕ್ಕೆ ಬಂದವರು 34 ವರ್ಷದ ವಕೀಲ ಜಾನ್ ಹೋವರ್ಡ್. ಅವರು 33 ವರ್ಷ ಇದ್ದರು. ಇಬ್ಬರೇ ವ್ಯಕ್ತಿಗಳು, ಒಂದೇ ಪಕ್ಷ, 58 ವರ್ಷ. ಭದ್ರಕೋಟೆ ಎಂಬ ಪದವನ್ನು ನಮ್ಮ ಪತ್ರಿಕೆಗಳು ಇದಕ್ಕೇ ಬಳಸುವುದು. ಹೋವರ್ಡ್ 1977ರಲ್ಲಿ ಹಣಕಾಸು ಸಚಿವರಾದರು, 1985ರಲ್ಲಿ ವಿರೋಧ ಪಕ್ಷದ ನಾಯಕರಾದರು, ಆ ಸ್ಥಾನ ಕಳೆದುಕೊಂಡು ಮತ್ತೆ ಗಳಿಸಿ 1996ರ ಮಾರ್ಚಿನಲ್ಲಿ ಪ್ರಧಾನಿಯಾದರು. ನಮ್ಮಲ್ಲಿ ಕ್ರಿಕೆಟ್ ಪ್ರಿಯರು ಅವರನ್ನು ಇನ್ನೊಂದು ಕಾರಣಕ್ಕೆ ಬಲ್ಲರು: 2010ರಲ್ಲಿ ಐಸಿಸಿ ಉಪಾಧ್ಯಕ್ಷ ಸ್ಥಾನಕ್ಕೆ ಅವರ ಹೆಸರು ಬಂದು ತಿರಸ್ಕೃತವಾಯಿತು.

ಈ 33 ವರ್ಷಗಳಲ್ಲಿ ಹೋವರ್ಡ್ ಕ್ಷೇತ್ರ ಬಿಟ್ಟು ಹೋಗಲಿಲ್ಲ. ಕ್ಷೇತ್ರವೇ ಅವರನ್ನು ಬಿಟ್ಟು ಮೆಲ್ಲಗೆ ಸರಿಯಿತು. ಆಸ್ಟ್ರೇಲಿಯದಲ್ಲಿ ಕ್ಷೇತ್ರ ಪುನರ್ವಿಂಗಡಣೆ ರಾಜಕಾರಣಿಗಳ ಕೈಯಲ್ಲಿಲ್ಲ, ಸ್ವತಂತ್ರ ಸಮಿತಿಯ ಕೆಲಸ. ಹೆಚ್ಚೆಂದರೆ ಏಳು ವರ್ಷಕ್ಕೊಮ್ಮೆ ಗಡಿಗಳನ್ನು ಪರಿಶೀಲಿಸಿ ಮತದಾರರ ಸಂಖ್ಯೆ ಸರಿದೂಗಿಸುತ್ತಾರೆ. ನಮ್ಮಲ್ಲಿ 2008ರ ನಂತರ ಹಾಗೇ ನಿಂತಿರುವ ಗಡಿಗಳನ್ನು ನೆನೆದರೆ ಆ ಶಿಸ್ತಿನ ಬೆಲೆ ತಿಳಿಯುತ್ತದೆ. ಸುತ್ತಿನಿಂದ ಸುತ್ತಿಗೆ ಬೆನೆಲಾಂಗ್‌ನ ಗಡಿ ಪಶ್ಚಿಮಕ್ಕೆ ಜರುಗಿತು. ಹಂಟರ್ಸ್ ಹಿಲ್‌ನ ಶ್ರೀಮಂತ ಓಣಿಗಳು ಕೈತಪ್ಪಿದವು. ಈಸ್ಟ್‌ವುಡ್, ಎಪ್ಪಿಂಗ್, ಕೊನೆಗೆ ಸರ್ಕಾರಿ ವಸತಿಗಳಿರುವ ಅರ್ಮಿಂಗ್ಟನ್ ಬಂದು ಸೇರಿದವು.

ಗಡಿಗಿಂತ ಹೆಚ್ಚು ಬದಲಾದದ್ದು ಗಡಿಯೊಳಗಿನ ಜನ. ಬಿಳಿಯರಿಗೆ ಮಾತ್ರ ಪ್ರವೇಶ ಎಂಬ ಹಳೆಯ ವಲಸೆ ನೀತಿಯನ್ನು 1966ರಿಂದ ಸಡಿಲಿಸುತ್ತಾ ಬಂದು, 1973ರಲ್ಲಿ ವಿಟ್ಲಮ್ ಸರ್ಕಾರ ಪೂರ್ತಿ ಕಿತ್ತುಹಾಕಿತು. ನಮ್ಮವರು ಅಲ್ಲಿ ಮನೆ ಮಾಡಲು ಸಾಧ್ಯವಾದದ್ದೂ ಅದರಿಂದಲೇ. ಆ ನಂತರದ ದಶಕಗಳಲ್ಲಿ ಚೀನೀಯರು, ಕೊರಿಯನ್ನರು ಈಸ್ಟ್‌ವುಡ್‌ಗೆ ಬಂದರು. ಒಳ್ಳೆಯ ಶಾಲೆ, ರೈಲು, ಅಂಗಡಿ ಹಾಕಲು ಜಾಗ. ರೋ ಸ್ಟ್ರೀಟ್ ಎಂಬ ಪೇಟೆಬೀದಿಯನ್ನು ರೈಲ್ವೆ ಹಳಿ ಎರಡಾಗಿ ಸೀಳುತ್ತದೆ. ಹಳಿಯ ಪಶ್ಚಿಮಕ್ಕೆ ಹೆಚ್ಚಾಗಿ ಚೀನೀ ಅಂಗಡಿಗಳು, ಪೂರ್ವಕ್ಕೆ ಕೊರಿಯನ್ ಅಂಗಡಿಗಳು. ನಾನು ಅಲ್ಲಿದ್ದ ದಿನಗಳಲ್ಲಿ ಬೆಳಗಿನ ನಡಿಗೆ ಮುಗಿಸಿ ಆ ಬೀದಿಯ ಕಟ್ಟೆಯ ಮೇಲೆ ಕೂರುತ್ತಿದ್ದೆ. ತರಕಾರಿ ಅಂಗಡಿಯ ಮುಂದೆ ಹೆಂಗಸರು ಸೊಪ್ಪಿನ ಕಂತೆಯನ್ನು ಎತ್ತಿ ಬುಡ ನೋಡಿ, ಒಂದು ಎಲೆ ಮುರಿದು, ಚೌಕಾಸಿ ಮಾಡುವುದನ್ನು ಕಂಡಾಗ ದೇವರಾಜ ಮಾರುಕಟ್ಟೆಯಲ್ಲೇ ಇದ್ದೇನೆ ಎನಿಸುತ್ತಿತ್ತು. ವಯಸ್ಸಾದ ಗಂಡಸರು ನನ್ನಂತೆಯೇ ಮೊಮ್ಮಗುವನ್ನು ಶಾಲೆಗೆ ಬಿಟ್ಟು ಬಂದು ಕೂತಿರುತ್ತಿದ್ದರು. ನಮ್ಮ ನಡುವೆ ಸಮಾನ ಭಾಷೆ ಇರಲಿಲ್ಲ. ತಲೆಯಾಡಿಸುತ್ತಿದ್ದೆವು, ನಗುತ್ತಿದ್ದೆವು. ಒಬ್ಬರು ಒಂದು ದಿನ ಕಿತ್ತಳೆ ಸುಲಿದು ಅರ್ಧ ಕೈಗಿಟ್ಟರು.

ಇಂಥ ಬೀದಿಯ ಪ್ರತಿನಿಧಿಯಾಗಿದ್ದಾಗಲೇ, 1988ರ ಆಗಸ್ಟಿನಲ್ಲಿ, ವಿರೋಧ ಪಕ್ಷದ ನಾಯಕ ಹೋವರ್ಡ್ ಒಂದು ಮಾತು ಆಡಿದರು. ಸಾಮಾಜಿಕ ಸಾಮರಸ್ಯದ ದೃಷ್ಟಿಯಿಂದ ಏಷ್ಯಾದ ವಲಸೆಯ ವೇಗವನ್ನು ಸ್ವಲ್ಪ ತಗ್ಗಿಸುವುದು ಒಳ್ಳೆಯದು ಎಂಬುದು ಅದರ ತಾತ್ಪರ್ಯ. ಪ್ರಧಾನಿ ಬಾಬ್ ಹಾಕ್ ಕೂಡಲೇ, ವಲಸೆಯಲ್ಲಿ ಜನಾಂಗ ಮಾನದಂಡವಾಗಬಾರದು ಎಂಬ ನಿರ್ಣಯ ಮಂಡಿಸಿದರು. ಹೋವರ್ಡ್ ಪಕ್ಷದ ಮೂವರು ಸದಸ್ಯರು ಸಾಲು ದಾಟಿ ಸರ್ಕಾರದ ಪರ ಮತ ಹಾಕಿದರು. ಅವರಲ್ಲಿ ಒಬ್ಬರು ನೆರೆಯ ಡುಂಡಾಸ್ ಕ್ಷೇತ್ರದ ಫಿಲಿಪ್ ರಡಕ್. ಮರುವರ್ಷ ಹೋವರ್ಡ್ ನಾಯಕತ್ವ ಕಳೆದುಕೊಂಡರು. 1995ರಲ್ಲಿ ಮತ್ತೆ ನಾಯಕರಾದಾಗ ಆ ಮಾತು ತಪ್ಪಾಗಿತ್ತೆಂದು ಒಪ್ಪಿಕೊಂಡರು. ಒಪ್ಪಿಕೊಂಡದ್ದು ಸಣ್ಣ ವಿಷಯವಲ್ಲ, ನಾನು ಅದನ್ನು ಗೌರವಿಸುತ್ತೇನೆ. ಆದರೆ ಮಾತಿಗೆ ಗುರಿಯಾದವರು ಅದನ್ನು ಆಡಿದವನಿಗಿಂತ ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತಾರೆ.

1996ರಲ್ಲಿ ಬೆನೆಲಾಂಗ್‌ನಲ್ಲಿ ಅವರಿಗೆ ಅಂತಿಮ ಎಣಿಕೆಯಲ್ಲಿ ಶೇ. 60ರಷ್ಟು ಮತ ಬಂದಿತ್ತು. 2004ರ ಹೊತ್ತಿಗೆ ಅದು ಶೇ. 54ಕ್ಕೆ ಇಳಿದಿತ್ತು. ಆ ವರ್ಷ ಅವರ ವಿರುದ್ಧ ಗ್ರೀನ್ಸ್ ಪಕ್ಷದಿಂದ ನಿಂತವರು, ಇರಾಕ್ ಯುದ್ಧದ ಸಮರ್ಥನೆಯನ್ನು ಪ್ರತಿಭಟಿಸಿ ಗುಪ್ತಚರ ಸಂಸ್ಥೆಗೆ ರಾಜೀನಾಮೆ ಕೊಟ್ಟಿದ್ದ ಆಂಡ್ರ್ಯೂ ವಿಲ್ಕಿ. ಅವರು ಶೇ. 16ಕ್ಕೂ ಹೆಚ್ಚು ಮತ ಪಡೆದರು. ದೇಶದಲ್ಲಿ ಭಾರಿ ಗೆಲುವು ಕಂಡ ಪ್ರಧಾನಿಗೆ ಸ್ವಂತ ಕ್ಷೇತ್ರದಲ್ಲಿ ಎರಡನೇ ಪ್ರಾಶಸ್ತ್ಯದ ಮತಗಳಿಗಾಗಿ ಕಾಯುವ ಸ್ಥಿತಿ ಬಂತು.

ಇಲ್ಲಿ ಅಲ್ಲಿನ ಮತಪದ್ಧತಿಯ ಬಗ್ಗೆ ಎರಡು ಮಾತು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತೀರಲ್ಲ, ಅಲ್ಲಿ ಪ್ರತಿನಿಧಿ ಸಭೆಗೂ ಹಾಗೆಯೇ. ಎಲ್ಲ ಅಭ್ಯರ್ಥಿಗಳಿಗೂ ಅಂಕಿ ಹಾಕಲೇಬೇಕು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬಾರದಿದ್ದರೆ ಕೊನೆಯವರನ್ನು ಬಿಟ್ಟು ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯಕ್ಕೆ ಹಂಚುತ್ತಾ ಹೋಗುತ್ತಾರೆ. ಮತ ಹಾಕುವುದು ಕಡ್ಡಾಯ, ತಪ್ಪಿಸಿದರೆ ದಂಡ.

2007ರ ಫೆಬ್ರವರಿಯಲ್ಲಿ ಎದುರಾಳಿ ಲೇಬರ್ ಪಕ್ಷ ಮ್ಯಾಕ್ಸಿನ್ ಮೆಕ್ಯೂ ಅವರನ್ನು ಇಲ್ಲಿಗೆ ಕಳಿಸಿತು. ದೇಶವಿಡೀ ಮುಖ ಪರಿಚಯವಿದ್ದ ದೂರದರ್ಶನ ಪತ್ರಕರ್ತೆ. ಅವರು ಚೀನೀ, ಕೊರಿಯನ್ ಸಮುದಾಯಗಳ ನಡುವೆ ತಿಂಗಳುಗಟ್ಟಲೆ ಓಡಾಡಿದರು. ಅವರ ಪಕ್ಷದ ನಾಯಕ ಕೆವಿನ್ ರಡ್‌ಗೆ ಚೀನೀ ಭಾಷೆ ಬರುತ್ತಿತ್ತು. ಆ ಸೆಪ್ಟೆಂಬರಿನಲ್ಲಿ ಸಿಡ್ನಿಗೆ ಬಂದಿದ್ದ ಚೀನಾ ಅಧ್ಯಕ್ಷ ಹು ಜಿಂಟಾವೊ ಎದುರು ರಡ್ ಅವರ ಭಾಷೆಯಲ್ಲೇ ನಿರರ್ಗಳವಾಗಿ ಮಾತನಾಡಿದರು, ಪ್ರಧಾನಿ ಹೋವರ್ಡ್ ಪಕ್ಕದಲ್ಲೇ ಕೂತಿದ್ದರು. ಕಾರ್ಮಿಕ ಕಾನೂನಿನ ಬದಲಾವಣೆ, ಬಡ್ಡಿದರ, ಹನ್ನೊಂದು ವರ್ಷದ ಆಡಳಿತದ ದಣಿವು ಎಲ್ಲವೂ ಆ ಸೋಲಿಗೆ ಕಾರಣ, ನಿಜ. ಇಡೀ ದೇಶದಲ್ಲಿ ಸರ್ಕಾರ ಬಿದ್ದದ್ದು ಅದಕ್ಕೇ. ಆದರೆ ರೋ ಸ್ಟ್ರೀಟ್‌ನ ಕಟ್ಟೆಯ ಮೇಲೆ ಕೂತು ಯೋಚಿಸಿದಾಗ ನನಗೆ ಅನಿಸಿದ್ದು, ಬೆನೆಲಾಂಗ್‌ನ ಮಟ್ಟಿಗೆ ಆ ಚುನಾವಣೆ ಶುರುವಾದದ್ದು 1988ರಲ್ಲಿ.

ನವೆಂಬರ್ 24ರ ರಾತ್ರಿ ಫಲಿತಾಂಶ ಖಚಿತವಾಗಲಿಲ್ಲ. ಅಂಚೆ ಮತಗಳೆಲ್ಲ ಎಣಿಕೆಯಾಗಿ ಡಿಸೆಂಬರಿನಲ್ಲಿ ಘೋಷಣೆಯಾಯಿತು. ಮೊದಲ ಪ್ರಾಶಸ್ತ್ಯದಲ್ಲಿ ಇಬ್ಬರಿಗೂ ಶೇ. 45ರಷ್ಟು, ಹೋವರ್ಡ್ ಕೂದಲೆಳೆಯಷ್ಟು ಮುಂದೆ. ನಮ್ಮ ಪದ್ಧತಿಯಲ್ಲಾಗಿದ್ದರೆ ಅವರೇ ಗೆದ್ದಿರುತ್ತಿದ್ದರು. ಉಳಿದ ಅಭ್ಯರ್ಥಿಗಳ, ಮುಖ್ಯವಾಗಿ ಗ್ರೀನ್ಸ್ ಪಕ್ಷದ, ಮತಗಳು ಹಂಚಿಕೆಯಾದ ಮೇಲೆ ಮೆಕ್ಯೂಗೆ ಶೇ. 51.4. ಅಂತರ ಎರಡೂವರೆ ಸಾವಿರಕ್ಕಿಂತ ಕಡಿಮೆ. ಅಧಿಕಾರದಲ್ಲಿದ್ದ ಪ್ರಧಾನಿ ತಮ್ಮದೇ ಕ್ಷೇತ್ರದಲ್ಲಿ ಸೋತದ್ದು ಆ ದೇಶದಲ್ಲಿ ಎರಡನೇ ಬಾರಿ. ಮೊದಲನೆಯದು 1929ರಲ್ಲಿ, ಸ್ಟ್ಯಾನ್ಲಿ ಬ್ರೂಸ್.

ಅದಾಗಿ ಮೂರು ತಿಂಗಳೊಳಗೆ, 2008ರ ಫೆಬ್ರವರಿ 13ರಂದು, ಪ್ರಧಾನಿ ರಡ್ ಸಂಸತ್ತಿನಲ್ಲಿ ಮೂಲನಿವಾಸಿಗಳ ಕ್ಷಮೆ ಕೇಳಿದರು. ತಾಯಂದಿರ ಮಡಿಲಿನಿಂದ ಕಿತ್ತು ಒಯ್ದ ಮಕ್ಕಳ ತಲೆಮಾರುಗಳಿಗೆ ಕೇಳಿದ ಕ್ಷಮೆ ಅದು. ಹೋವರ್ಡ್ ತಮ್ಮ ಆಡಳಿತದ ಉದ್ದಕ್ಕೂ ಆ ಪದ ಆಡಲು ಒಪ್ಪಿರಲಿಲ್ಲ. ಆ ದಿನ ಬದುಕಿದ್ದ ಉಳಿದ ಮಾಜಿ ಪ್ರಧಾನಿಗಳು ಸದನಕ್ಕೆ ಬಂದರು, ಅವರು ಬರಲಿಲ್ಲ. ಸೆರೆಹಿಡಿದು ತಂದ ಮೂಲನಿವಾಸಿಯೊಬ್ಬನ ಹೆಸರು ಹೊತ್ತ ಕ್ಷೇತ್ರವನ್ನು 33 ವರ್ಷ ಪ್ರತಿನಿಧಿಸಿದವರ ಬಾಯಿಂದ ಆ ಒಂದು ಮಾತು ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಇಂದಿಗೂ ಅನಿಸುತ್ತದೆ.

ವಲಸಿಗರೆಂದರೆ ಲೇಬರ್ ಪಕ್ಷದ ಮತಬ್ಯಾಂಕು ಎಂದು ನೀವು ತೀರ್ಮಾನಿಸುವ ಮೊದಲು ಮುಂದಿನದನ್ನು ಕೇಳಿ. 2010ರಲ್ಲಿ ಮೆಕ್ಯೂ ಸೋತರು. ಗೆದ್ದವರು ಲಿಬರಲ್ ಪಕ್ಷದ ಜಾನ್ ಅಲೆಕ್ಸಾಂಡರ್. ಟೆನಿಸ್ ನೆನಪಿರುವ ಹಿರಿಯರಿಗೆ ಈ ಹೆಸರು ಗೊತ್ತು. 1974ರಲ್ಲಿ ಕಲ್ಕತ್ತೆಯಲ್ಲಿ ಡೇವಿಸ್ ಕಪ್‌ನಲ್ಲಿ ಅಮೃತರಾಜ್ ಸಹೋದರರ ಭಾರತದ ಎದುರು ಸೋತ ಆಸ್ಟ್ರೇಲಿಯ ತಂಡದಲ್ಲಿ ಅವರಿದ್ದರು. ಅವರು ಬೆನೆಲಾಂಗ್‌ನಲ್ಲಿ ಸಾಲಾಗಿ ಗೆದ್ದರು. 2013ರಲ್ಲಿ ಲೇಬರ್ ಪಕ್ಷ ಚೀನೀ ಮೂಲದ ಜೇಸನ್ ಯಾಟ್-ಸೆನ್ ಲಿ ಅವರನ್ನು ನಿಲ್ಲಿಸಿದರೂ ಅಲೆಕ್ಸಾಂಡರ್ ಅಂತರ ಹೆಚ್ಚಿತು. ಅಂಗಡಿ ನಡೆಸುವವರು, ಮನೆಸಾಲ ತೀರಿಸುವವರು, ಮಕ್ಕಳ ಓದಿಗೆ ಪ್ರಾಣ ಬಿಡುವವರು ಸ್ವಭಾವತಃ ಲಿಬರಲ್ ಪಕ್ಷಕ್ಕೇ ಹತ್ತಿರ. ಅವರನ್ನು ದೂರ ತಳ್ಳಲು ಆ ಪಕ್ಷದವರೇ ಬಾಯಿ ತೆರೆಯಬೇಕು.

2017ರಲ್ಲಿ ಹಾಗೆಯೇ ಆಯಿತು. ಇಬ್ಬಗೆ ಪೌರತ್ವ ಇರುವವರು ಸಂಸತ್ತಿನಲ್ಲಿ ಇರಕೂಡದೆಂದು ಆಸ್ಟ್ರೇಲಿಯ ಸಂವಿಧಾನದ 44ನೇ ವಿಧಿ ಹೇಳುತ್ತದೆ. ಅಲೆಕ್ಸಾಂಡರ್ ತಂದೆ ಬ್ರಿಟನ್ನಿನಲ್ಲಿ ಹುಟ್ಟಿದವರಾದ್ದರಿಂದ ತಾವೂ ಬ್ರಿಟಿಷ್ ಪೌರರಾಗಿರಬಹುದೆಂದು ಅವರು ರಾಜೀನಾಮೆ ಕೊಟ್ಟರು. ನಮ್ಮ ಮಕ್ಕಳಿಗೆ ಈ ತೊಡಕಿಲ್ಲ, ಅಲ್ಲಿನ ಪೌರತ್ವ ಪಡೆದ ಕ್ಷಣ ಭಾರತದ ಪೌರತ್ವ ಕಳೆಯುತ್ತದೆ. ಮಗಳು ಪಾಸ್‌ಪೋರ್ಟ್ ಒಪ್ಪಿಸಿ ಬಂದ ದಿನ ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದಳು. ಡಿಸೆಂಬರ್ 16ರ ಉಪಚುನಾವಣೆಯಲ್ಲಿ ರಾಜ್ಯದ ಮಾಜಿ ಮುಖ್ಯಮಂತ್ರಿ ಕ್ರಿಸ್ಟೀನಾ ಕೆನೀಲಿ ಲೇಬರ್ ಅಭ್ಯರ್ಥಿಯಾದರು. ಮತದಾನಕ್ಕೆ ಒಂದು ವಾರವಿರುವಾಗ, ವಿದೇಶಿ ಹಸ್ತಕ್ಷೇಪದ ವಿರುದ್ಧದ ಕಾನೂನನ್ನು ಸಮರ್ಥಿಸುತ್ತಾ ಪ್ರಧಾನಿ ಮಾಲ್ಕಮ್ ಟರ್ನ್‌ಬುಲ್ ಆಸ್ಟ್ರೇಲಿಯದ ಜನ ಎದ್ದು ನಿಂತಿದ್ದಾರೆ ಎಂಬುದನ್ನು ಚೀನೀ ಭಾಷೆಯಲ್ಲೇ ಹೇಳಿದರು. ಬೀಜಿಂಗ್‌ಗೆ ಹೇಳಿದ ಮಾತು ಈಸ್ಟ್‌ವುಡ್‌ನಲ್ಲೂ ಕೇಳಿಸಿತು. ಅಲೆಕ್ಸಾಂಡರ್ ಗೆದ್ದರು, ಆದರೆ ಶೇ. 5ರಷ್ಟು ಮತ ಲೇಬರ್ ಕಡೆಗೆ ವಾಲಿತು. 2022ರ ಮೇ 21ರಂದು, ಚೀನಾದೊಂದಿಗೆ ಮಾತಿನ ಸಮರ ಜೋರಾಗಿದ್ದ ವರ್ಷಗಳ ನಂತರ, ಅಲೆಕ್ಸಾಂಡರ್ ನಿವೃತ್ತರಾದ ಸ್ಥಾನವನ್ನು ರೈಡ್ ನಗರದ ಮಾಜಿ ಮೇಯರ್, ಲೇಬರ್ ಪಕ್ಷದ ಜೆರೋಮ್ ಲಕ್ಸೇಲ್ ಶೇ. 51ರಷ್ಟು ಪಡೆದು ಗೆದ್ದರು. ಆಗಲೂ ಮೊದಲ ಪ್ರಾಶಸ್ತ್ಯದಲ್ಲಿ ಮುಂದಿದ್ದವರು ಲಿಬರಲ್ ಅಭ್ಯರ್ಥಿಯೇ.

ನಂತರ ಮತ್ತೊಂದು ಪುನರ್ವಿಂಗಡಣೆ. 2024ರಲ್ಲಿ ಪಕ್ಕದ ನಾರ್ತ್ ಸಿಡ್ನಿ ಕ್ಷೇತ್ರವನ್ನೇ ರದ್ದು ಮಾಡಿ ಅದರ ಲೇನ್ ಕೋವ್, ಹಂಟರ್ಸ್ ಹಿಲ್ ಭಾಗಗಳನ್ನು ಬೆನೆಲಾಂಗ್‌ಗೆ ಕೊಟ್ಟರು. ಕ್ರೇಮರ್ ಕಾಲದ ಆ ಹಳೆಯ ಓಣಿಗಳು ತವರಿಗೆ ಮರಳಿದವು. ಕಾಗದದ ಲೆಕ್ಕದಲ್ಲಿ ಕ್ಷೇತ್ರ ಮತ್ತೆ ಲಿಬರಲ್ ಪಕ್ಷದ ಕಡೆಗೆ ಕೂದಲೆಳೆಯಷ್ಟು ವಾಲಿತು. ಲಿಬರಲ್ ಪಕ್ಷ ಈ ಬಾರಿ ಚೀನೀ ಮೂಲದ ಸ್ಕಾಟ್ ಯಂಗ್ ಅವರನ್ನು ನಿಲ್ಲಿಸಿತು. ಮಗಳ ಜೊತೆ ನಾನು ಶಾಲೆಗೆ ಹೋದದ್ದು ಆ ಚುನಾವಣೆಗೆ. ಅಂದು ರಾತ್ರಿ ಟಿವಿಯ ಮುಂದೆ ಕೂತಾಗ ತೀರಾ ಹತ್ತಿರದ ಹೋರಾಟ ಎಂದುಕೊಂಡಿದ್ದೆ. ಎಣಿಕೆ ಮುಗಿದಾಗ ಲಕ್ಸೇಲ್‌ಗೆ ಶೇ. 59ರಷ್ಟು ಬಂದಿತ್ತು.

ಮರುದಿನ ಭಾನುವಾರ ಅಳಿಯ ನನ್ನನ್ನು ಪಟ್ನಿಗೆ ಕರೆದುಕೊಂಡು ಹೋದ. ಬೆನೆಲಾಂಗ್‌ನ ಸಮಾಧಿ ಎಲ್ಲಿತ್ತೆಂಬುದು ಬಹಳ ಕಾಲ ಮರೆತುಹೋಗಿತ್ತು. 2011ರಲ್ಲಿ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ದಾಖಲೆಗಳ ಆಧಾರದಿಂದ ಜಾಗ ಗುರುತಿಸಿದರು. 2018ರಲ್ಲಿ ರಾಜ್ಯ ಸರ್ಕಾರ ಅಲ್ಲಿದ್ದ ಮನೆಯೊಂದನ್ನು ಸ್ಮಾರಕಕ್ಕೆಂದು ಕೊಂಡಿತು. ನಾವು ಆ ಓಣಿಯಲ್ಲಿ ನಡೆದೆವು. ಸಾಲು ಮನೆಗಳು, ಕತ್ತರಿಸಿದ ಹುಲ್ಲು, ಬೇಲಿಗೆ ಕಟ್ಟಿದ ಅಭ್ಯರ್ಥಿಗಳ ಬೋರ್ಡುಗಳನ್ನು ಬಿಚ್ಚಿ ಕಾರಿಗೆ ತುಂಬುತ್ತಿದ್ದ ಹುಡುಗ. ಓಣಿ ಇಳಿದರೆ ನದಿ. ನಾನು ಚಪ್ಪಲಿ ಬಿಟ್ಟು ಸ್ವಲ್ಪ ಹೊತ್ತು ನಿಂತೆ.